ಆಶಾರಾಣಿಯ ನಡತೆ, ಧರಣಪ್ಪನವರ ಮೌನ

ಮನುಷ್ಯರ ನಡತೆ ವಿಚಾರಿಸುವುದರಲ್ಲಿ ಎ.ಎಸ್.ಐ. ಗಿಡ್ಡಪ್ಪನವರಿಗೆ ತಮ್ಮದೇ ಒಂದು ಕ್ರಮವಿತ್ತು. ಜನ ಏನು ಹೇಳುತ್ತಾರೆ ಎಂಬುದಕ್ಕೆ ಅವರು ಅಷ್ಟಾಗಿ ಕಿವಿ ಕೊಡುತ್ತಿರಲಿಲ್ಲ. ಹೇಳುವುದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ಮಾತ್ರ ಗಮನವಿಟ್ಟು ಕೇಳುತ್ತಿದ್ದರು. ಪಾಸ್‌ಪೋರ್ಟಿಗೋ ಸರ್ಕಾರಿ ನೌಕರಿಗೋ ಅರ್ಜಿ ಹಾಕಿದವರ ಬಗ್ಗೆ ಅಕ್ಕಪಕ್ಕದವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: ತಲೆ ಬಗ್ಗಿಸ್ಕೊಂಡು ಹೋಗ್ತಾರೆ, ತಲೆ ಬಗ್ಗಿಸ್ಕೊಂಡು ಬರ್ತಾರೆ. ಇಡೀ ತಾಲ್ಲೂಕು ತಲೆ ಬಗ್ಗಿಸಿಕೊಂಡೇ ಓಡಾಡುತ್ತಿದ್ದರೆ ಇಷ್ಟೊಂದು ಕೇಸು ಎಲ್ಲಿಂದ ಬರುತ್ತವೆ ಎಂದು ಗಿಡ್ಡಪ್ಪನವರು ಯಾರನ್ನೂ ಕೇಳಿದವರಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬಂದರೆ ಯಾರೋ ಹೇಳಿಕೊಟ್ಟಿದ್ದಾರೆ. ತೀರ ತಡವಾದರೆ ಏನೋ ಮುಚ್ಚಿಡುತ್ತಿದ್ದಾರೆ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತಾದ ಮೇಲೆ ಬಂದ ಮಾತು ನಿಜ. ಇದು ಅವರ ಸಿದ್ಧಾಂತ. ಸರ್ವೀಸಿನ ಉದ್ದಕ್ಕೂ ಇದರಿಂದ ಅವರಿಗೆ ಬಡ್ತಿ ಸಿಕ್ಕಿರಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಭಾದ್ರಪದದಲ್ಲಿ, ಊರೂರಿನ ಗಣಪತಿ ಬಂದೋಬಸ್ತಿನ ನಡುವೆ, ಅವರ ಕೈಗೆ ಆಶಾರಾಣಿಯ ನಡತೆ ವಿಚಾರಣೆಯ ಕಾಗದ ಬಂತು. ಹಗರೆಯ ಹುಡುಗಿ, ಬೇಲೂರು ಕೋರ್ಟಿನಲ್ಲಿ ವಕೀಲೆ. ಸಿವಿಲ್ ಜಡ್ಜ್ ಹುದ್ದೆಗೆ ಪರೀಕ್ಷೆ ಬರೆದು, ಸಂದರ್ಶನ ದಾಟಿ, ಆಯ್ಕೆ ಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡಿತ್ತು. ಕಾನೂನು ಗೊತ್ತಿದೆಯೆಂದು ಅವಳೇ ತೋರಿಸಿಕೊಟ್ಟಿದ್ದಳು. ನಡತೆ ಚೆನ್ನಾಗಿದೆಯೆಂದು ಮಾತ್ರ ಬೇರೆಯವರು ಹೇಳಬೇಕು. ನೆಂಟರಲ್ಲದ, ಅವಳನ್ನು ಬಲ್ಲ ಇಬ್ಬರ ಹೆಸರನ್ನು ಅವಳು ಅರ್ಜಿಯಲ್ಲಿ ಕೊಟ್ಟಿದ್ದಳು. ಗಿಡ್ಡಪ್ಪನವರು ಮನೆಗೂ ಹೋಗಿ, ಆ ಇಬ್ಬರನ್ನೂ ಕಂಡು ವರದಿ ಬರೆಯಬೇಕಿತ್ತು.

ಹಗರೆಯ ಮನೆಯಲ್ಲಿ ಕೆಲಸ ಸಲೀಸಾಗಿ ಆಯಿತು. ನಡುಮನೆಯ ಗೋಡೆಯ ಮೇಲೆ ಬುದ್ಧ ಅರೆಗಣ್ಣು ಮುಚ್ಚಿ ಕೂತಿದ್ದ. ಅವನಿಗೆ ಎಚ್ಚರವಾದೀತೆಂಬಂತೆ ಗಿಡ್ಡಪ್ಪನವರು ದನಿ ತಗ್ಗಿಸಿ ಕೇಳಿದರು. ಲೈನ್‌ಮನ್ ಆಗಿದ್ದು ನಿವೃತ್ತರಾದ ತಂದೆ ಸಣ್ಣಯ್ಯ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತಾಯಿ ಮುನಿಯಮ್ಮ ಒಂದು ಉಸಿರು ಬಿಟ್ಟು ಶುರುಮಾಡಿದರು.

"ನಮ್ ಆಶಾನಾ ಸಾರ್? ಬಾಯಿ ಐತೆ, ಇಲ್ಲ ಅನ್ನಲ್ಲ. ಸುಳ್ಳು ಅಂದ್ರೆ ಆಗಾಕಿಲ್ಲ ಅವಳಿಗೆ. ಸಾರಿಗೆ ಉಪ್ಪು ಜಾಸ್ತಿ ಬಿದ್ದಿದ್ರೆ ನೆಂಟರ ಮುಂದೇನೇ ಹೇಳ್ತಾಳೆ."

"ಸುಮ್ಕಿರೇ," ಎಂದರು ಸಣ್ಣಯ್ಯ.

"ಯಾಕೆ ಸುಮ್ಕಿರಾನ? ನಿಮ್ಮ ಅಕ್ಕನ ಮಗ ನೋಡಾಕೆ ಬಂದಾಗ, ನಿಂಗೆ ಕುಡಿಯೋ ಅಭ್ಯಾಸ ಐತಾ ಅಂತ ಕಾಫಿ ಕೊಡ್ತಾ ಕೊಡ್ತಾನೇ ಕೇಳಿದ್ಲು. ಅವನು ಕಾಫೀನೇ ಕುಡೀಲಿಲ್ಲ."

ತಾಯಿ ಮಗಳ ಮೇಲೆ ದೂರು ಹೇಳುವುದನ್ನು ಗಿಡ್ಡಪ್ಪನವರು ಒಳ್ಳೆಯ ಲಕ್ಷಣವೆಂದು ಎಣಿಸುತ್ತಿದ್ದರು. ತಮ್ಮ ಪಾಲಿನ ಕಾಫಿಯನ್ನು ಸಮಾಧಾನವಾಗಿ ಕುಡಿದು ಎದ್ದರು.

ಮೊದಲ ಹೆಸರಿನವರು ಅರಸೀಕೆರೆಯಲ್ಲಿದ್ದರು, ಅವಳು ಪಿಯುಸಿ ಓದಿದ ಕಾಲೇಜಿನ ನಿವೃತ್ತ ಪ್ರಾಂಶುಪಾಲರು. ಮನೆಯಲ್ಲಿ ಸಿಗದೆ ಗಣಪತಿ ಪೆಂಡಾಲಿನಲ್ಲಿ ಸಿಕ್ಕರು. ಎರಡೂ ಕಡೆ ಧ್ವನಿವರ್ಧಕ ಹಾಡುತ್ತಿತ್ತು. ಪ್ರಾಂಶುಪಾಲರು ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಬಹಳ ಒಳ್ಳೆ ಹುಡುಗಿ," ಎಂದು ಗಿಡ್ಡಪ್ಪನವರ ಕಿವಿಯೊಳಗೆ ಕೂಗಿದರು. ನಡುವಿನ ಮೌನವನ್ನು ಅಳೆಯೋಣವೆಂದರೆ ಆ ಪೆಂಡಾಲಿನಲ್ಲಿ ಮೌನವೆಂಬ ಪದಾರ್ಥವೇ ಇರಲಿಲ್ಲ. ಗಿಡ್ಡಪ್ಪನವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು, ಎರಡನೆಯ ಹೆಸರಿನ ಮೇಲೆ ಭರವಸೆ ಇಟ್ಟರು.

ಎರಡನೆಯ ಹೆಸರು ಹಳೇಬೀಡಿನ ಧರಣಪ್ಪ. ಅದು ಅಲ್ಲಿಗೆ ಹೇಗೆ ಬಂತೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಧರಣಪ್ಪನವರು ಬಸದಿಗಳ ಹತ್ತಿರದ ಹಳೆಯ ಜೈನ ಮನೆತನದವರು. ಹುಲಿಕೆರೆಯ ದಿಕ್ಕಿನಲ್ಲಿ ಅವರದೊಂದು ತೆಂಗಿನ ತೋಟ, ತೋಟದ ನಡುವೆ ಒಂದು ಕಾಲುದಾರಿ. ಆಚೆ ಕೇರಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ಬೆಳಿಗ್ಗೆ ಸಂಜೆ ಅದೇ ದಾರಿಯಲ್ಲಿ ಡೈರಿಗೆ ಹೋಗುತ್ತಿದ್ದರು. ಒಂದು ದಿನ ಧರಣಪ್ಪನವರು ಬೇಲಿ ಹಾಕಿಸಿದರು. ಹೆಂಗಸರು ಕೋರ್ಟಿಗೆ ಹೋದರು; ಅವರ ವಕೀಲೆ ಆಶಾರಾಣಿ. ಆ ಜಾಗದಲ್ಲಿ ಯಾರೂ ಯಾವತ್ತೂ ಓಡಾಡಿಲ್ಲ ಎನ್ನುವುದು ಧರಣಪ್ಪನವರ ವಕೀಲರು ಬರೆದುಕೊಟ್ಟ ತಕರಾರು. ಕೇಸು ಎಳೆದಾಡಿ, ಧರಣಪ್ಪನವರನ್ನು ಪಾಟಿ ಸವಾಲಿಗೆ ನಿಲ್ಲಿಸಿದ ದಿನ ಆಶಾರಾಣಿ ನಕ್ಷೆ ಪಹಣಿ ಒಂದನ್ನೂ ತೆಗೆಯಲಿಲ್ಲ.

"ಯಜಮಾನರೆ, ನೀವು ಚಿಕ್ಕೋರಿದ್ದಾಗ ಬೆಳಿಗ್ಗೆ ಎದ್ದು ತೋಟಕ್ಕೆ ಹೋದ್ರೆ ಮೊದಲು ಯಾರು ಕಾಣ್ತಿದ್ರು?" ಎಂದು ಕೇಳಿದಳು.

ಧರಣಪ್ಪನವರು ಕಟಕಟೆ ಹಿಡಿದು ಸುಮ್ಮನೆ ನಿಂತರು. ಅವರ ವಕೀಲರು ಅರ್ಥಪೂರ್ಣವಾಗಿ ಗಂಟಲು ಕೆರೆದರು. ಫ್ಯಾನು ತನ್ನ ಪಾಡಿಗೆ ತಿರುಗಿತು. ಕಿಟಕಿಯಾಚೆ ಎಲ್ಲೋ ಒಂದು ಮಂಜಿನ ಬೆಳಗು ಕಾಣುತ್ತಿರುವವರಂತೆ ನೋಡಿ, ಕಡೆಗೆ ಅವರೆಂದರು: "ದ್ಯಾವಮ್ಮ. ಆಚೆ ಕೇರಿ ದ್ಯಾವಮ್ಮ ಕಾಣ್ತಿದ್ಳು. ತಲೆ ಮೇಲೆ ಹಾಲಿನ ಗಡಿಗೆ."

ಕೇಸು ಅಲ್ಲಿಗೆ ಮುಗಿಯಿತು. ಬೇಲಿ ತೆಗೆಯಬೇಕೆಂದು ತೀರ್ಪು ಬಂದ ದಿನ ಧರಣಪ್ಪನವರು ಕೋರ್ಟಿನ ವರಾಂಡದಲ್ಲಿ ಅವಳನ್ನು ನಿಲ್ಲಿಸಿದರು. "ವಕೀಲ ಹೇಳಿಕೊಟ್ಟಿದ್ದೇ ಬೇರೆ, ನನ್ನ ಬಾಯಲ್ಲಿ ಬಂದಿದ್ದೇ ಬೇರೆ. ಅದನ್ನ ಹೊರಡಿಸಿದ್ದು ನೀನು. ಜಡ್ಜ್ ಪರೀಕ್ಷೆ ಕಟ್ಟಿದೀಯಂತೆ. ನಾಳೆ ಯಾರಾದ್ರೂ ನಿನ್ನ ನಡತೆ ಕೇಳಿದ್ರೆ ನನ್ನನ್ನ ಕೇಳಲಿ ಕಣಮ್ಮ," ಎಂದರು. ಹಾಗೆ ಹೇಳಿ, ಬಸ್ಸು ಹಿಡಿದು ಹಾಸನಕ್ಕೆ ಹೋಗಿ ಅದೇ ತೀರ್ಪಿನ ಮೇಲೆ ಅಪೀಲು ಹಾಕಿದರು. ಅವರ ಮಟ್ಟಿಗೆ ಇವೆರಡಕ್ಕೂ ಏನೂ ಸಂಬಂಧವಿರಲಿಲ್ಲ.

ಆಶಾರಾಣಿಯ ಸೀನಿಯರ್ ನಟರಾಜ್‌ಗೆ ಮಾತ್ರ ಸಂಬಂಧ ಕಾಣುತ್ತಿತ್ತು. ಬೇಲೂರಿನ ವಕೀಲರ ಕೊಠಡಿಯಲ್ಲಿ, ಉದ್ದಿನ ವಡೆಯ ಎಣ್ಣೆಯನ್ನು ಕೋರ್ಟಿನ ಹಳೆಯ ಕೇಸುಪಟ್ಟಿಗೆ ಒರೆಸುತ್ತ ಗಿಡ್ಡಪ್ಪನವರು ಹಳೇಬೀಡಿಗೆ ಹೊರಡಬೇಕಿದ್ದ ಬೆಳಿಗ್ಗೆಯೂ ಅವರು ಅದನ್ನೇ ಎತ್ತಿದರು.

"ಎದುರು ಪಾರ್ಟೀನ ರೆಫರೆನ್ಸ್ ಕೊಟ್ಟಿದೀಯಲ್ಲಮ್ಮ. ನನ್ನ ಹೆಸರು ಹಾಕಿದ್ರೆ ನಾನು ಬಾಯ್ತುಂಬ ಹೇಳ್ತಿದ್ದೆ."

"ಅದಕ್ಕೇ ಹಾಕ್ಲಿಲ್ಲ ಸರ್."

"ನಗು, ನಗು. ವೆರಿಫಿಕೇಷನ್ ಅಂದ್ರೆ ಹುಡುಗಾಟ ಅಲ್ಲ. ಒಬ್ಬ ರೆಫರೆನ್ಸು ಏನೂ ಹೇಳಿಲ್ಲ ಅಂತ ವರದಿ ಹೋದ್ರೆ ಫೈಲು ಬೆಂಗಳೂರಿಂದ ವಾಪಸ್ ಬರುತ್ತೆ. ಅದು ಮತ್ತೆ ಮೇಲೆ ಹೋಗೋಷ್ಟರಲ್ಲಿ ನಿನ್ನ ಜೊತೆಯವರೆಲ್ಲ ಕುರ್ಚಿ ಮೇಲೆ ಕೂತಿರ್ತಾರೆ. ಹಿಂದಿನ ಬ್ಯಾಚಲ್ಲಿ ನಮ್ಮ ಕಡೆಯವನೇ ಒಬ್ಬ ಹಿಂಗೇ ಆಗಿ, ಪಟ್ಟಿಯ ಅವಧಿ ಮುಗೀತು, ಇವನ ಫೈಲು ಮುಗೀಲಿಲ್ಲ. ಈಗ ನೋಟರಿ ಮಾಡ್ತಾವನೆ."

ಆಶಾರಾಣಿ ನಗಲಿಲ್ಲ. ಅವಳಿಗೆ ಇದು ಕೊನೆಯ ಅವಕಾಶ. ಮುಂದಿನ ನೇಮಕಾತಿ ಬರುವಷ್ಟರಲ್ಲಿ ವಯಸ್ಸಿನ ಮಿತಿ ದಾಟುತ್ತಿತ್ತು. ಅದೇ ಹೊತ್ತಿಗೆ ಅವಳ ಫೋನು ಅಲುಗಾಡಿತು. ಧರಣಪ್ಪನವರ ಸೊಸೆ ಪದ್ಮಲತಾ.

"ಆಶಾ ಅವ್ರೆ, ಪೊಲೀಸ್‌ನೋರು ಫೋನ್ ಮಾಡಿದ್ರು. ಮಧ್ಯಾಹ್ನದ ಮೇಲೆ ಬರ್ತಾರಂತೆ, ನಿಮ್ಮ ವಿಷಯ ಮಾವನ್ನ ಕೇಳೋಕೆ."

"ಒಳ್ಳೇದಾಯ್ತಲ್ಲ ಅಕ್ಕ."

"ಏನ್ ಒಳ್ಳೇದು? ದಶಲಕ್ಷಣ ಪರ್ವ ಅಲ್ವಾ, ಮಾವ ಮೌನದಲ್ಲಿದಾರೆ. ಹತ್ತು ದಿನ ಮುಗಿಯೋವರೆಗೂ ಬಾಯಿ ಬಿಡಲ್ಲ. ಇನ್ನೂ ಅರ್ಧ ಬಾಕಿ ಇದೆ. ಆಮೇಲೆ ಬನ್ನಿ ಸರ್ ಅಂದೆ. ವರದಿ ನಾಳೆನೇ ಹೋಗಬೇಕು, ನಾಳಿದ್ದಿಂದ ಮೆರವಣಿಗೆ ಡ್ಯೂಟಿ ಅಂದ್ರು."

ಆಶಾರಾಣಿ ಕೊಠಡಿಯಿಂದ ಹೊರಗೆ ಬಂದಳು. "ಬರೆದು ಕೊಡ್ತಾರಲ್ಲ?"

"ಹೋದ ವರ್ಷ ಸ್ಲೇಟ್ ಇಟ್ಕೊಂಡಿದ್ರು. ಬಾಯಲ್ಲಿ ಆಡೋದಕ್ಕಿಂತ ಜಾಸ್ತಿ ಸ್ಲೇಟಲ್ಲಿ ಆಡಿದ್ರು. ಬೇಳೆ ಬೆಂದಿಲ್ಲ ಅಂತ, ಫ್ಯಾನ್ ಯಾಕೆ ಓಡ್ತಿದೆ ಅಂತ, ಟಿವಿಯಲ್ಲಿ ವಾರ್ತೆ ಓದೋಳ ಉಚ್ಚಾರಣೆ ಸರಿ ಇಲ್ಲ ಅಂತ. ಕೊನೆಗೆ ಅವರಿಗೇ ನಾಚಿಕೆ ಆಗಿ ಈ ಸಲ ಸ್ಲೇಟೂ ಬಿಟ್ರು."

"ತಲೆ ಆಡಿಸ್ತಾರಾ?"

"ಅದೂ ಇಲ್ಲ. ಸನ್ನೆನೂ ಮಾತೇ ಅಂತೆ. ಮಜ್ಜಿಗೆ ಹಾಕ್ಲಾ ಮಾವ ಅಂದ್ರೆ ಸುಮ್ನೆ ನೋಡ್ತಾರೆ. ನಾವೇ ಮುಖ ನೋಡ್ಕೊಂಡು ಬಡಿಸಬೇಕು." ಪದ್ಮಲತಾ ದನಿ ಇಳಿಸಿದಳು. "ನೀವು ಒಂದ್ಸಲ ಬಂದು ಕೇಳಿ. ನಾವು ಹೇಳಿದ್ರೆ ಕೇಳಲ್ಲ. ನೀವು ಕೇಳಿದ್ರೆ ಒಂದು ಮಾತು ಆಡಿಯಾರು. ನಿಮ್ಮ ಮುಂದೆ ಅವರಿಗೆ ಸುಮ್ಮನಿರೋಕೆ ಬರಲ್ಲ ಅಂತ ಕೋರ್ಟಲ್ಲೇ ಗೊತ್ತಾಗಿದೆಯಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಹೊರಗೆ ಬೀಳುತ್ತಿದ್ದುದು ಮಳೆಯೋ, ಮಳೆ ಬರುವ ಯೋಚನೆಯೋ ತಿಳಿಯುವಂತಿರಲಿಲ್ಲ. ಆಲೂಗಡ್ಡೆ ಕಿತ್ತ ಹೊಲಗಳು, ಜೋಳದ ಹೊಲಗಳು, ಹಾಲಿನ ಡೈರಿಯ ಮುಂದೆ ಮುಚ್ಚಳ ತೆಗೆದು ಮಲಗಿಸಿದ ಕ್ಯಾನುಗಳು. ಆಶಾರಾಣಿ ಮನಸ್ಸಿನಲ್ಲೇ ವಾದ ಹೂಡುತ್ತ ಬಂದಳು. ಎಲ್ಲ ನಿಯಮಕ್ಕೂ ಒಂದು ಅಪವಾದವಿರುತ್ತದೆ. ಮೌನವಿರುವುದು ಕೆಟ್ಟ ಮಾತು ಆಡದಿರಲಿಕ್ಕೆ. ಒಳ್ಳೆಯ ಮಾತಿಗೂ ಅದು ಅನ್ವಯಿಸುತ್ತದೆಯೆ? ಒಂದೇ ಪದ, "ಹೂಂ" ಎನ್ನುವುದು, ವ್ಯಾಕರಣದ ಪ್ರಕಾರ ಮಾತೋ ಉಸಿರೋ? ವಾದ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಕೇಳುತ್ತ ಕೇಳುತ್ತ ಅವಳಿಗೇ ನಿದ್ದೆ ಬಂತು.

ನಿದ್ದೆಯಲ್ಲಿ ಬೇಲೂರಿನ ದೇವಸ್ಥಾನವಿತ್ತು. ಗಿಡ್ಡಪ್ಪನವರು ಮಫ್ತಿಯಲ್ಲಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಗೋಡೆಗೆ ಏಣಿ ಹಾಕಿ ಶಿಲಾಬಾಲಿಕೆಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದರು. ಕನ್ನಡಿ ಹಿಡಿದವಳು ಕಣ್ಣು ಕದಲಿಸದೆ, "ಯಾವ ಆಶಾರಾಣಿ? ನಾನು ಈ ಕಡೆ ತಿರುಗಿ ನೋಡಿದೋಳೇ ಅಲ್ಲ," ಎಂದಳು. ಗಿಣಿ ಹಿಡಿದವಳು ಬಾಯಿ ತೆರೆಯುವ ಮುಂಚೆಯೇ ಗಿಣಿ, "ಒಳ್ಳೆ ಹುಡುಗಿ, ಒಳ್ಳೆ ಹುಡುಗಿ," ಎಂದಿತು. "ಇದಕ್ಕೆ ಯಾರೋ ಹೇಳಿಕೊಟ್ಟವ್ರೆ," ಎಂದು ಗಿಡ್ಡಪ್ಪನವರು ಏಣಿಯನ್ನು ಮುಂದಕ್ಕೆ ಸರಿಸಿದರು. ಮಂಗ ಸೆರಗು ಎಳೆಯುತ್ತಿದ್ದವಳು, "ಅವಳ ವಿಷಯ ಆಮೇಲೆ. ಮೊದಲು ಈ ಕೋತಿ ಮೇಲೆ ನಾನು ಕೊಟ್ಟ ಕಂಪ್ಲೇಂಟ್ ಏನಾಯ್ತು ಹೇಳಿ ಸಾಹೇಬ್ರೆ. ಕೊಟ್ಟು ಒಂಬೈನೂರು ವರ್ಷ ಆಯ್ತು," ಎಂದಳು. ಗಿಡ್ಡಪ್ಪನವರು ತನಿಖೆ ನಡೆಯುತ್ತಿದೆ ಎಂದರು. ಕೆಳಗೆ ಸಾಲಾಗಿ ನಿಂತ ಆನೆಗಳು ಇದನ್ನೆಲ್ಲ ಕೇಳಿಯೂ ಕೇಳದವರಂತೆ ಮುಂದೆ ನೋಡುತ್ತಿದ್ದವು. ಕೊನೆಗೆ ಒಬ್ಬಳು ಉಳಿದಳು. ಅವಳ ಮುಖ ಮಳೆಗೆ ಸವೆದಿತ್ತು, ಕಣ್ಣಿರಲಿಲ್ಲ, ಬಾಯಿರಲಿಲ್ಲ, ಆದರೂ ಅವಳಿಗೆ ಎಲ್ಲ ಗೊತ್ತಿತ್ತು. ಗಿಡ್ಡಪ್ಪನವರು ಪ್ರಶ್ನೆ ಕೇಳಿ, ತಲೆ ಓರೆ ಮಾಡಿ, ಕಾದರು. ಕಾದೇ ಕಾದರು. ಏಣಿಯ ಬುಡದಲ್ಲಿ ಹುಲ್ಲು ಬೆಳೆಯತೊಡಗಿತು.

"ಹಳೇಬೀಡು, ಹಳೇಬೀಡು. ಮೇಡಂ, ಇದೇ ಲಾಸ್ಟು, ಇಳೀರಿ," ಎಂದ ಕಂಡಕ್ಟರ್.

ಮಧ್ಯಾಹ್ನದ ಹಳೇಬೀಡು ಇನ್ನೂ ಅದೇ ನಿದ್ದೆಯಲ್ಲಿತ್ತು. ಕೆರೆ ತುಂಬಿತ್ತು, ಆಕಾಶ ಅದರೊಳಗೆ ಇಳಿದು, ದಡದ ಹುಲ್ಲಿನವರೆಗೂ ಬಂದು ಕೂತಿತ್ತು. ಪ್ರವಾಸಿಗಳ ಒಂದು ಬಸ್ಸು ನಿಂತಿತ್ತು, ಅದರಲ್ಲಿದ್ದವರೆಲ್ಲ ಬಾಯಿ ತೆರೆದು ಮಲಗಿದ್ದರು. ಎಳನೀರಿನವಳು ತನ್ನ ಕೊಡೆಯ ಕೆಳಗೆ ತೂಕಡಿಸುತ್ತಿದ್ದಳು. ಆಶಾರಾಣಿ ಕಪ್ಪು ಕೋಟನ್ನು ಕೈಮೇಲೆ ಮಡಿಚಿ ಹಾಕಿಕೊಂಡು ಬಸ್ತಿಹಳ್ಳಿಯ ಕಡೆ ನಡೆದಳು. ರಸ್ತೆಯ ತಿರುವಿನಲ್ಲಿ ಪದ್ಮಲತಾ ಗೇಟಿಗೆ ಒರಗಿ ಕಾಯುತ್ತಿದ್ದಳು.

"ಅವರು ಆಗ್ಲೇ ಬಂದ್ರು. ಮಾವ ಬಸದಿಯಲ್ಲಿದಾರೆ ಅಂದಿದ್ದಕ್ಕೆ ಅಲ್ಲಿಗೇ ಹೋದ್ರು. ಮೌನ ಅಂತ ಹೇಳಿದೆ. ಯಾವ ಶಬ್ದಾನೂ ಬರಲ್ವೇನಮ್ಮ ಅಂದ್ರು. ಕೆಮ್ಮು ಬರುತ್ತೆ ಸರ್ ಅಂದೆ." ಪದ್ಮಲತಾಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಬೇಗ ಹೋಗಿ."

ಪಾರ್ಶ್ವನಾಥ ಬಸದಿಯ ಒಳಗೆ ಹೊರಗಿನ ಹಗಲು ಸಣ್ಣದಾಗಿ, ಸೋಸಿದ ಹಾಗೆ ಬರುತ್ತಿತ್ತು. ನವರಂಗದ ಕಪ್ಪು ಕಂಬಗಳು ಎಷ್ಟು ನುಣುಪೆಂದರೆ ಅವುಗಳಲ್ಲಿ ಮುಖ ಕಾಣುತ್ತದೆ. ಆದರೆ ಕಂಬದ ಸುತ್ತು ಹಿಡಿದು ಎಳೆದಂತೆ, ಸ್ವಲ್ಪ ಉದ್ದವಾಗಿ, ಸ್ವಲ್ಪ ಬೇರೆಯಾಗಿ. ಗರ್ಭಗುಡಿಯಲ್ಲಿ ಪಾರ್ಶ್ವನಾಥ ಎತ್ತರಕ್ಕೆ ನಿಂತಿದ್ದ. ಅಷ್ಟು ಎತ್ತರದಿಂದ ನೋಡುವವರಿಗೆ ಎಲ್ಲರ ನಡತೆಯೂ ಸುಮಾರಾಗಿ ಒಂದೇ ಥರ ಕಾಣುತ್ತಿರಬೇಕು. ಅವನ ಎದುರ ಕಂಬವೊಂದಕ್ಕೆ ಬೆನ್ನು ತಾಗಿಸದೆ, ಬಿಳಿ ಪಂಚೆಯಲ್ಲಿ ಕಾಲು ಮಡಿಸಿ, ಧರಣಪ್ಪನವರು ಕೂತಿದ್ದರು. ಅವರ ಎದುರಿಗೆ, ಹೆಸರಿಗೆ ವಿರುದ್ಧವಾದ ತಮ್ಮ ನೀಳ ದೇಹವನ್ನು ಹೇಗೋ ಮಡಚಿಕೊಂಡು, ಗಿಡ್ಡಪ್ಪನವರು. ಪ್ರಶ್ನೆ ಆಗಲೇ ಕೇಳಿಯಾಗಿತ್ತು. ಗಿಡ್ಡಪ್ಪನವರು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಉತ್ತರದ ಮುಂಚಿನ ಮೌನವನ್ನು ಅಳೆಯುತ್ತಿದ್ದರು. ಇಂಥ ಮೌನ ಅವರ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಅದಕ್ಕೆ ಆ ಕಡೆಯ ದಡ ಇರಲಿಲ್ಲ.

ಆಶಾರಾಣಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ತಣ್ಣನೆಯ ಕಲ್ಲಿಗೆ ಕಾಲಿಟ್ಟೊಡನೆ ಕಂಬಗಳಲ್ಲಿ ಅವಳೂ ಬಂದಳು: ಒಂದರಲ್ಲಿ ತೆಳ್ಳಗೆ, ಒಂದರಲ್ಲಿ ಗಾಳಿಗೆ ಬಾಗಿದ ಹಾಗೆ, ಇನ್ನೊಂದರಲ್ಲಿ ಬರಿಯ ಕಪ್ಪು ಕೋಟು ಮಾತ್ರ. ಬಸ್ಸಿನಲ್ಲಿ ಹೊಸೆದ ವಾದದ ಮೊದಲ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಧರಣಪ್ಪನವರ ಮುಖ ನೋಡಿದಳು. ಅದು ಕೋರ್ಟಿನಲ್ಲಿ ನೋಡಿದ ಮುಖವಲ್ಲ. ವಾದಿ ಪ್ರತಿವಾದಿ ಇಬ್ಬರೂ ಎದ್ದು ಮನೆಗೆ ಹೋದ ಮೇಲಿನ ಕೋಣೆಯಂತೆ ಅದು ಖಾಲಿಯಾಗಿ, ನೆಮ್ಮದಿಯಾಗಿತ್ತು. ಆ ಕೋಣೆಗೆ ನುಗ್ಗಿ ಒಂದು ಮಾತು ಎತ್ತಿಕೊಂಡು ಹೋಗಲು ತಾನು ಬಂದಿದ್ದೇನೆ ಎಂದು ಅವಳಿಗೆ ಅನ್ನಿಸಿತು. ವಾದದ ಮೊದಲ ವಾಕ್ಯ ಮರೆತುಹೋಯಿತು. ಎರಡನೆಯದು ನೆನಪಿತ್ತು, ಆದರೆ ಅದು "ಆದ್ದರಿಂದ" ಎಂದು ಶುರುವಾಗುತ್ತಿತ್ತು.

ಧರಣಪ್ಪನವರು ಅವಳನ್ನು ನೋಡಿದರು. ಕಂಬದ ಮೇಲೆ ಅಂಗೈ ಊರಿ, ಮೆಲ್ಲಗೆ, ಒಂದೊಂದೇ ಕೀಲನ್ನು ಒಪ್ಪಿಸಿಕೊಂಡು ಮೇಲೆದ್ದರು. ಎದ್ದು, ಕೈ ಇಳಿಬಿಟ್ಟು, ನೆಟ್ಟಗೆ ನಿಂತರು.

ಗಿಡ್ಡಪ್ಪನವರೂ ಎದ್ದು ನಿಂತರು. ಅವರು ಯೋಚಿಸಿ ಎದ್ದದ್ದಲ್ಲ. ವರ್ಷಗಟ್ಟಲೆ ಕೋರ್ಟ್ ಡ್ಯೂಟಿ ಮಾಡಿದ ಮೈ ಅದು; ಪಕ್ಕದವರು ಬಾಗಿಲ ಕಡೆ ನೋಡಿ ಹೀಗೆ ನಿಂತರೆ ತಾನೂ ನಿಲ್ಲಬೇಕೆಂದು ಅದಕ್ಕೆ ಗೊತ್ತಿತ್ತು. ಯಾಕೆ ನಿಂತರೆಂದು ತಿಳಿಯದೆ ಆಶಾರಾಣಿಯೂ ನಿಂತೇ ಇದ್ದಳು. ಮೂವರು ಮನುಷ್ಯರು, ಕಂಬಗಳೊಳಗಿನ ಅವರ ಬಳಗ, ಎದುರಿಗೆ ಮೊದಲಿನಿಂದಲೂ ನಿಂತೇ ಇದ್ದ ತೀರ್ಥಂಕರ, ಇಷ್ಟೂ ಜನ ನಿಂತಿದ್ದರು. ಹೊರಗೆ ಗಿಳಿಯೊಂದು ಏನೋ ಹೇಳಿ ಹಾರಿಹೋಯಿತು. ಎಷ್ಟು ಹೊತ್ತಾಯಿತೋ. ಕಡೆಗೆ ಅವಳಿಗೆ ಬೇರೇನೂ ತೋಚದೆ ಪಕ್ಕದ ಕಲ್ಲಿನ ಜಗಲಿಯ ಮೇಲೆ ಕೂತಳು.

ಅವಳು ಕೂತ ಮೇಲೆ ಧರಣಪ್ಪನವರು ಕೂತರು. ಗಿಡ್ಡಪ್ಪನವರೂ ಕೂತರು. ಕೂತು, ತಾವೇನು ಮಾಡಿದೆವೆಂದು ಅರ್ಥವಾಗಿ, ಜೇಬಿನ ಪೆನ್ನು ತೆಗೆದರು.

"ಉತ್ತರ ಬಂತಲ್ಲ ಮೇಡಂ," ಎಂದರು ಮೆಲ್ಲಗೆ.

ಆಶಾರಾಣಿಗೆ ಈಗ ಅರ್ಥವಾಯಿತು. ಜಡ್ಜ್ ಒಳಗೆ ಬಂದರೆ ಕೋರ್ಟು ಎದ್ದು ನಿಲ್ಲುವುದು ಹೀಗೆಯೇ. ಸುಮ್ಮನಿದ್ದರೆ ಸಾಕಿತ್ತು, ಪೆನ್ನು ತನ್ನ ಕೆಲಸ ತಾನು ಮಾಡುತ್ತಿತ್ತು. ಆದರೆ ಸಾರಿನ ಉಪ್ಪಿನ ವಿಷಯದಲ್ಲಿ ಮುನಿಯಮ್ಮ ಹೇಳಿದ್ದು ಸುಳ್ಳಲ್ಲ.

"ಅದನ್ನ ಬರೀಬೇಡಿ ಸರ್."

"ಯಾಕೆ?"

"ಸನ್ನೆನೂ ಮಾತೇ ಅಂತ ಅವರ ವ್ರತ. ಅದು ಸನ್ನೆ ಅಂತ ನೀವು ಬರೆದ್ರೆ ಅವರು ವ್ರತ ಮುರಿದ ಹಾಗೆ. ಸನ್ನೆ ಅಲ್ಲ ಅಂದ್ರೆ ಅದು ಉತ್ತರ ಅಲ್ಲ. ಕಾಲು ಜೋಮು ಹಿಡಿದು ಎದ್ದಿರಬಹುದು. ಬೆಳಿಗ್ಗೆಯಿಂದ ಕೂತಿದಾರೆ."

"ಹಂಗಾದ್ರೆ ನಾನೇನ್ ಬರೀಲಿ?"

"ನಡೆದಿದ್ದು ಬರೀರಿ. ಮೌನದಲ್ಲಿದ್ರು, ಅಭಿಪ್ರಾಯ ಸಿಗಲಿಲ್ಲ ಅಂತ."

"ಹಂಗ್ ಬರೆದ್ರೆ ಫೈಲು ವಾಪಸ್ ಬತ್ತದೆ. ಗೊತ್ತಾ ನಿಮಗೆ?"

"ಗೊತ್ತು ಸರ್."

ಗಿಡ್ಡಪ್ಪನವರು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು. ಕಂಬದೊಳಗಿನ ಉದ್ದನೆಯ ಗಿಡ್ಡಪ್ಪನವರೂ ಕೆರೆದುಕೊಂಡರು. "ಅದಿರಲಿ," ಎಂದರು. "ವಿಚಾರಣೆ ಹೊತ್ತಲ್ಲಿ ಅಭ್ಯರ್ಥಿಗಳು ರೆಫರೆನ್ಸಿನೋರ ಹತ್ರ ಬರೋ ಹಂಗಿಲ್ಲ. ನೀವ್ಯಾಕೆ ಬಂದ್ರಿ ಇಲ್ಲಿಗೆ?"

ಆಶಾರಾಣಿ ಒಂದು ಉಸಿರು ಎಳೆದುಕೊಂಡಳು. ಅದನ್ನು ಹೊರಗೆ ಬಿಟ್ಟಳು.

"ಮೌನ ಮುರಿಸೋಕೆ ಬಂದೆ. ಒಂದು ಮಾತು ಆಡಿ ಅಂತ ಬೇಡ್ಕೊಳ್ಳೋಣ ಅಂತ. ನೋಡಿದ ಮೇಲೆ ಕೇಳೋಕೆ ಮನಸ್ಸಾಗ್ಲಿಲ್ಲ."

ಗಿಡ್ಡಪ್ಪನವರ ಕೈಯ ಪೆನ್ನು ಕಿವಿಯ ಹತ್ತಿರವೇ ನಿಂತಿತು. ಪೆಂಡಾಲಿನಲ್ಲಿ ಸಿಗದೆ ಹೋದದ್ದು, ಇಷ್ಟು ಹೊತ್ತು ಈ ಯಜಮಾನರ ಎದುರು ಕೂತು ಹುಡುಕಿದ್ದು, ಹುಡುಕದೆ ಇದ್ದ ಕಡೆ ಸಿಕ್ಕಿತ್ತು. ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟೇ ಹೊತ್ತು, ಹೆಚ್ಚಿಲ್ಲ, ಕಮ್ಮಿಯಿಲ್ಲ.

"ನಡೆದಿದ್ದನ್ನೇ ಬರೀತೀನಿ ಬುಡಿ," ಎಂದು ಪೆನ್ನಿನ ಕ್ಯಾಪು ಹಾಕಿದರು. "ಆದ್ರೆ ಪೂರ್ತಿ ಬರೀತೀನಿ. ಅವರು ಎದ್ದಿದ್ದು, ನಾನು ಎದ್ದಿದ್ದು, ನೀವು ಬರೀಬೇಡಿ ಅಂದಿದ್ದು, ಯಾಕೆ ಬಂದೆ ಅಂತ ಹೇಳಿದ್ದು. ಓದಿದೋರು ಏನಾರ ಮಾಡ್ಕೊಳ್ಳಲಿ. ಇಷ್ಟು ವರ್ಷದಲ್ಲಿ ತನ್ನ ರೆಫರೆನ್ಸನ್ನ ತಾನೇ ಹೊಡೆದು ಹಾಕಿದೋರನ್ನ ನಾನು ನೋಡಿರ್ಲಿಲ್ಲ."

ಧರಣಪ್ಪನವರು ಕೆಮ್ಮಿದರು. ಅದಕ್ಕೆ ವ್ರತದ ಅಡ್ಡಿಯಿರಲಿಲ್ಲ.

ಆ ವರದಿ ಗಿಡ್ಡಪ್ಪನವರ ಬದುಕಿನಲ್ಲೇ ಉದ್ದನೆಯ ವರದಿಯಾಯಿತೆಂದು ಆಮೇಲೆ ತಿಳಿಯಿತು. ಅದು ಮೇಲಕ್ಕೆ ಹೋಗಿ ಒಂದು ಮೇಜಿನ ಮೇಲೆ ನಿಂತಿತು. ಅಲ್ಲಿ ಯಾರು ಓದಿದರು, ಓದಿ ನಕ್ಕರೋ, ಎದ್ದು ನಿಂತರೋ, ಯಾರಿಗೂ ಗೊತ್ತಿಲ್ಲ. ನೇಮಕಾತಿ ಆದೇಶ ಬಂದದ್ದು ಕಾರ್ತಿಕದಲ್ಲಿ, ಉಳಿದವರಿಗೆ ಬಂದ ದಿನವೇ. ಮುನಿಯಮ್ಮ ಕೇರಿಗೆಲ್ಲ ಪಾಯಸ ಹಂಚಿದರು. ಸಕ್ಕರೆ ಕಮ್ಮಿಯಾಗಿದೆ ಎಂದು ಮಗಳು ನೆಂಟರ ಮುಂದೆಯೇ ಹೇಳಿದಳು. ನಟರಾಜ್ ತಾವು ಮೊದಲಿನಿಂದಲೂ ಹೀಗೇ ಆಗುತ್ತದೆ ಎಂದಿದ್ದಾಗಿ ವಕೀಲರ ಕೊಠಡಿಯಲ್ಲಿ ಎಲ್ಲರಿಗೂ ನೆನಪಿಸಿದರು.

ಆದರೆ ಆದೇಶಕ್ಕೂ ಮುಂಚೆ ಬಂದದ್ದು ಧರಣಪ್ಪನವರ ಫೋನು. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಗೊತ್ತಿರುವವರಿಗೆಲ್ಲ ಕ್ಷಮೆ ಕೇಳುವುದು ಅವರಲ್ಲಿ ರೂಢಿ. ಆಶಾರಾಣಿ ಆಗ ಹಗರೆಯ ಮನೆಯ ಹಿತ್ತಿಲಲ್ಲಿ ನಿಂತು, ಆಕಾಶ ನೋಡುತ್ತ, ಫೈಲು ಈಗ ಯಾವ ಊರು ದಾಟುತ್ತಿರಬಹುದು ಎಂದು ಯೋಚಿಸುತ್ತಿದ್ದಳು. ಆ ಕಡೆಯ ದನಿ ಬಹಳ ದಿನ ಬಳಸದ ಬಾಗಿಲಿನ ಹಾಗಿತ್ತು.

"ಕ್ಷಮೆ ಇರಲಿ ಕಣಮ್ಮ. ಮಾತಲ್ಲಿ ಮನಸಲ್ಲಿ ಏನಾದ್ರೂ ತಪ್ಪು ಮಾಡಿದ್ರೆ."

"ನನ್ನದೂ ಇದ್ರೆ ಕ್ಷಮಿಸಿ ಯಜಮಾನರೆ. ಅವತ್ತು ನಿಮ್ಮನ್ನ ತೊಂದರೆ ಪಡಿಸೋಕೆ ಅಂತಾನೇ ಬಂದಿದ್ದೆ."

"ಕೇಳಿಸ್ಕೊಂಡೆ. ಮೌನದಲ್ಲಿದ್ದೆ, ಕಿವುಡು ಆಗಿರ್ಲಿಲ್ಲ." ಒಂದು ಸಣ್ಣ ಕೆಮ್ಮು. "ಕಾಲು ಜೋಮು ಹಿಡಿದು ಎದ್ದಿರಬಹುದು ಅಂದೆಯಲ್ಲ. ಮನೇಲೂ ಈಗ ಎಲ್ಲ ಹಂಗೇ ಅಂತಾರೆ."

"ಹೌದಾ ಯಜಮಾನರೆ, ಹಿಡಿದಿತ್ತಾ?"

ಆ ಕಡೆ ಮಾತು ನಿಂತಿತು. ಕಟಕಟೆಯಲ್ಲಿ ನಿಂತಾಗಿನ ಅದೇ ಮೌನ. ಆಶಾರಾಣಿಗೆ ಅದರ ಉದ್ದ ಗೊತ್ತಿತ್ತು. ಅವಳು ಕಾದಳು.

"ಹಿಡಿದಿದ್ದು ನಿಜ," ಎಂದರು ಧರಣಪ್ಪನವರು. "ಬೆಳಿಗ್ಗೆಯಿಂದ ಹಿಡಿದಿತ್ತು. ಎದ್ದಿದ್ದು ನೀನು ಬಂದ್ಮೇಲೆ."

ಹಿತ್ತಿಲ ಪರಂಗಿ ಗಿಡದ ಎಲೆಯಿಂದ ನೀರಿನ ಹನಿಯೊಂದು ಇಳಿಯಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಇಳಿಯಿತು. ಧರಣಪ್ಪನವರಲ್ಲಿ ಹತ್ತು ದಿನದ ಮಾತು ಇನ್ನೂ ಬಾಕಿಯಿತ್ತು.

"ಅಲ್ಲ ಕಣಮ್ಮ, ನೀನು ಜಡ್ಜ್ ಆಗಿ ಹೋದ್ರೆ ಹಾಸನದಲ್ಲಿ ನಮ್ಮ ಅಪೀಲಿಗೆ ಆ ಕಡೆಯಿಂದ ಯಾರು ನಿಲ್ತಾರೆ?"

"ನಟರಾಜ್ ಸರ್ ನಿಲ್ತಾರೆ."

"ಓಹೋ," ಎಂದರು ಧರಣಪ್ಪನವರು. ದನಿ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಹಸನಾಗಿತ್ತು. "ಹಂಗಾದ್ರೆ ಒಂದು ಕೈ ನೋಡಬಹುದು."